ಚೀರುವುದಲ್ಲ, ಒದರುವುದು

ಒಣಗಿ ಗಟ್ಟಿಯಾದ ಕೇಕಿನ ಕ್ರೀಮು ನೆಲ ಬಿಟ್ಟು ಏಳುವುದೇ ಇಲ್ಲ. ನೀಲಗಂಗಾ ಮೊಣಕಾಲೂರಿ ಕುಳಿತು ಹಳೆಯ ಸ್ಟೀಲ್ ಸ್ಕೇಲಿನಿಂದ ಅದನ್ನು ಕೆರೆಯುತ್ತಿದ್ದಾರೆ. ಮುಂಬೈ ಪಕ್ಕದ ಸಾನಪಾಡಾದ ಈ ಹೌಸಿಂಗ್ ಸೊಸೈಟಿಯ ಹಾಲ್‌ನಲ್ಲಿ ನಿನ್ನೆ ಯಾರದೋ ಮಗುವಿನ ಹುಟ್ಟುಹಬ್ಬ. ಕಿಟಕಿಯ ಸರಳಿಗೆ ಕಟ್ಟಿದ ಬಲೂನುಗಳು ಗಾಳಿ ಕಳೆದುಕೊಂಡು ಜೋತಾಡುತ್ತಿವೆ. ಹೊರಗೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಅರ್ಧ ನೆಲ ಆಗಿದೆ, ಇನ್ನರ್ಧ ಉಳಿದಿದೆ. ಬರಿಗಾಲಿನ ಮಕ್ಕಳು ಇಲ್ಲೇ ತಿರುಗಿ ಒದೆಯಬೇಕು; ಒಂದು ಚೂರು ಕ್ರೀಮು ಉಳಿದರೂ ಯಾರೋ ಒಬ್ಬರು ಜಾರಿ ಬೀಳುವುದು ಖಂಡಿತ.

ಇವತ್ತು ಬೆಲ್ಟ್ ಪರೀಕ್ಷೆ. ಕರಾಟೆಯಲ್ಲಿ ಸೊಂಟಕ್ಕೆ ಕಟ್ಟಿದ ಪಟ್ಟಿಯ ಬಣ್ಣವೇ ಕಲಿತವರ ದರ್ಜೆ. ಬಿಳಿಯಿಂದ ಹಳದಿ, ಕಿತ್ತಳೆ, ಹಸಿರು, ನೀಲಿ ಹೀಗೆ ಏರುತ್ತಾ ಹೋಗಿ ಕಪ್ಪು ಮುಟ್ಟಬೇಕು. ಠಾಣೆಯಿಂದ ಬೇಲಾಪುರದವರೆಗೆ ಈಗ ಒಂದೊಂದು ಸೆಕ್ಟರಿಗೂ ಒಂದು ಕರಾಟೆ ಕ್ಲಾಸು. ಹೆಚ್ಚಿನ ಕಡೆ ಪರೀಕ್ಷೆ ಎಂದರೆ ಬೆಲ್ಟ್ ಸಿಕ್ಕೇ ಸಿಗುವ ದಿನ. ಅಪ್ಪ ಅಮ್ಮ ಕ್ಯಾಮೆರಾ ಹಿಡಿದೇ ಬರುತ್ತಾರೆ. ನೀಲಗಂಗಾ ಅವರ ಕ್ಲಾಸಿನಲ್ಲಿ ಹಾಗಲ್ಲ.

"ಫೇಲ್ ಆಗೂದೇ ಇಲ್ಲ ಅಂತ ಮೊದಲ ಗೊತ್ತಿದ್ರ ಅದಕ್ಕ ಪರೀಕ್ಷಾ ಅಂತ ಯಾಕ ಕರೀಬೇಕ್ರಿ? ಹುಟ್ಟುಹಬ್ಬ ಅನ್ರಿ, ಕೇಕ್ ಕತ್ತರಸ್ರಿ," ಎಂದು, ಕೇಳಿದವರಿಗೆಲ್ಲ ಹೇಳುವ ಮಾತನ್ನೇ ಗೊಣಗುತ್ತಾ ಅವರು ಸ್ಕೇಲನ್ನು ಬಕೆಟ್ಟಿನ ನೀರಿಗೆ ಅದ್ದುತ್ತಾರೆ.

ವಾಕಿಂಗಿಗೆ ಹೊರಟ ಅನಂತರಾಮ ಬಾಗಿಲಲ್ಲಿ ಇಣುಕುತ್ತಾರೆ. ಮೈಸೂರಿನವರು, ಬ್ಯಾಂಕಿನಿಂದ ನಿವೃತ್ತರು, ಈ ಸೊಸೈಟಿಯ ಸೆಕ್ರೆಟರಿ. ಮಕ್ಕಳು ಗುದ್ದುವಾಗ ಹಾಕುವ ಕೂಗಿನ ಬಗ್ಗೆ ಮೇಲಿನ ಮನೆಗಳವರು ಅವರ ತಲೆ ತಿನ್ನುತ್ತಿದ್ದಾರಂತೆ.

"ನೀಲಗಂಗಾ ಅವರೇ, ಇವತ್ತೊಂದು ದಿನ ಸೈಲೆಂಟ್ ಮೋಡಲ್ಲಿ ಮಾಡಿಬಿಡಿ ಅಮ್ಮ. ಮೊಬೈಲ್ ಇಡೋಲ್ವಾ, ಹಾಗೆ."

"ವೈಬ್ರೇಟ್ ಮಾಡಲೇನ್ರಿ ಸರ್? ಗ್ವಾಡಿ ನಡುಗತಾವ ಮತ್ತ."

ಅವರು ನಗುತ್ತಾ ಹೋಗುತ್ತಾರೆ. ಇವರು ನಗುವುದಿಲ್ಲ. ಕೂಗನ್ನು ತೆಗೆದರೆ ತಮ್ಮ ಪರೀಕ್ಷೆಯಲ್ಲಿ ಉಳಿಯುವುದು ಬರೀ ಕವಾಯತು ಎಂದು ನಂಬಿದ ಹೆಂಗಸು ಇವರು. ಏಟು ಹೋಗುವ ಕ್ಷಣದಲ್ಲಿ ಉಸಿರೆಲ್ಲ ಒಟ್ಟುಗೂಡಿ ಹೊರಬೀಳುವ ಆ ಕೂಗಿಗೆ ಕರಾಟೆಯವರು ಕಿಯಾಯ್ ಎನ್ನುತ್ತಾರೆ. ನೀಲಗಂಗಾ ಅದಕ್ಕೆ ತಮ್ಮ ಊರಿನ ಮಾತನ್ನೇ ಇಟ್ಟಿದ್ದಾರೆ: ಒದರುವುದು.

"ಚೀರೂದು ಬ್ಯಾರೆ, ಒದರೂದು ಬ್ಯಾರೆ. ಚೀರೂದು ಗಂಟಲಿನ್ಯಾಗಿಂದ ಬರತೈತಿ, ಅಂಜಿದಾಗ. ಒದರೂದು ಹೊಟ್ಟಿಯೊಳಗಿಂದ. ಚೀರಿದ್ರ 'ನನ್ನ ಉಳಸ್ರಿ' ಅಂದಂಗ. ಒದರಿದ್ರ 'ನಾ ಇಲ್ಲೇ ಅದೀನಿ' ಅಂದಂಗ."

ಹಿಂದಿಯಲ್ಲೂ ಮರಾಠಿಯಲ್ಲೂ ಈ ಎರಡನ್ನು ಬೇರೆ ಮಾಡಿ ಹೇಳಲು ಅವರಿಗೆ ಮಾತು ಸಿಗಲಿಲ್ಲ. ಹಾಗಾಗಿ ಗುಜರಾತಿ, ಮಲಯಾಳಿ, ಮರಾಠಿ ಮಕ್ಕಳೆಲ್ಲ "ಒದರು" ಎಂಬ ಒಂದು ಕನ್ನಡ ಶಬ್ದ ಕಲಿತಿದ್ದಾರೆ. ಅದು ಜಪಾನಿ ಭಾಷೆಯೆಂದೇ ಅವರಲ್ಲಿ ಬಹಳ ಮಕ್ಕಳ ನಂಬಿಕೆ. ನೀಲಗಂಗಾ ತಿದ್ದಲು ಹೋಗಿಲ್ಲ.

ಏಳು ಗಂಟೆಗೆ ಪರೀಕ್ಷೆ ಶುರುವಾಗುತ್ತದೆ. ಹಸಿರಿನಿಂದ ನೀಲಿಗೆ ಏರಬೇಕಾದವರಲ್ಲಿ ಇಂಚರ ಒಬ್ಬಳು. ವಯಸ್ಸು ಹತ್ತು. ಅಪ್ಪ ಅಮ್ಮ ಬೆಂಗಳೂರಿನವರು, ಅವಳು ಹುಟ್ಟಿದ್ದು ಇಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. ಕಾತಾ ಎಂಬ ಹೆಜ್ಜೆ-ಏಟುಗಳ ಸರಣಿಯಲ್ಲಿ ಅವಳ ಹೆಜ್ಜೆ ನೋಡಬೇಕು: ಗೆರೆ ಎಳೆದ ಹಾಗೆ. ತಿರುಗಿದರೆ ಬಟ್ಟೆಯ ಅಂಚು ಪಟ್ಟೆಂದು ಸದ್ದು ಮಾಡುತ್ತದೆ. ಆದರೆ ಕೂಗಬೇಕಾದ ಜಾಗ ಬಂದಾಗ ಬೆಕ್ಕು ಸೀನಿದಂತೆ ಒಂದು "ಹೈ" ಹೊರಡುತ್ತದೆ, ಅಷ್ಟೇ.

"ಮತ್ತೊಮ್ಮೆ," ಎನ್ನುತ್ತಾರೆ ನೀಲಗಂಗಾ. ಮತ್ತೆ ಅದೇ ಬೆಕ್ಕು. "ಇನ್ನೊಮ್ಮೆ." ಸಾಲಿನಲ್ಲಿ ಯಾರೋ ಕಿಸಕ್ಕೆನ್ನುತ್ತಾರೆ.

"ಮ್ಯಾಮ್, ಮೇರಾ ಆವಾಜ್ ಐಸಾ ಹೀ ಹೈ."

"ದನಿ ಹಂಗ ಇಲ್ಲ, ಹಂಗ ಇಟಗೊಂಡೀ. ಮಾರ್ಚ್ ತಿಂಗಳಿಗೆ ಮತ್ತ ನೋಡೂಣು. ಹೋಗು, ನೀರು ಕುಡಿ."

ಇಂಚರ ಫೇಲ್. ಅವಳ ಜೊತೆ ಇನ್ನೂ ಮೂವರು ಫೇಲ್. ಮಕ್ಕಳು ನೀರು ಕುಡಿದು ಸುಮ್ಮನಾಗುತ್ತಾರೆ, ದೊಡ್ಡವರು ಸುಮ್ಮನಾಗುವುದಿಲ್ಲ. ಇಂಚರಳ ತಾಯಿ ಸಂಯುಕ್ತಾ ಬೇಲಾಪುರದ ಫೈನಾನ್ಸ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾರೆ, ದನಿ ಏರಿಸದೆ ಜಗಳವಾಡುವ ಅಭ್ಯಾಸವಿದೆ.

"ಕಾತಾ ಪರ್ಫೆಕ್ಟ್ ಅಂತ ನೀವೇ ಹೇಳಿದ್ರಿ ಮೇಡಂ. ಬರೀ ಒಂದು ಕೂಗಿಗೋಸ್ಕರ ಫೇಲ್ ಮಾಡೋದಾ? ಮನೇಲಿ ನಾವು ಮೆತ್ತಗೆ ಮಾತಾಡು ಅಂತ ಬೆಳೆಸಿದೀವಿ. ಅದೇ ತಪ್ಪಾಯ್ತಾ?"

"ಮನ್ಯಾಗ ಮೆತ್ತಗ ಮಾತಾಡ್ಲಿರಿ. ಇಲ್ಲಿ ಎದುರಿಗೆ ಒಬ್ಬಾಂವ ನಿಂತಾನ ಅಂತ ತಿಳಕೊಂಡು ಒದರಬೇಕು."

"ಒದರೋದು ಅನ್ಬೇಡಿ ಪ್ಲೀಸ್, ನಮ್ಮ ಕಡೆ ಅದು ಬೈಗುಳ. ಮತ್ತೆ ಎದುರಿಗೆ ಯಾರೂ ನಿಂತಿಲ್ಲ. ಹತ್ತು ವರ್ಷದ ಮಗು ಅದು."

"ಅದಕ್ಕ ಈಗ ಕಲಸಾಕತ್ತೀನಿ. ನಿಂತ ಮ್ಯಾಲೆ ಕಲಿಯಾಕ ಆಗೂದಿಲ್ಲ."

ಸಂಯುಕ್ತಾ ಮಗಳ ಕೈ ಹಿಡಿದುಕೊಂಡು ಹೊರಟುಹೋಗುತ್ತಾರೆ. ನೀಲಗಂಗಾ ಚಾಪೆ ಸುತ್ತುತ್ತಾರೆ. ಆ ತಾಯಿಯ ಮೇಲೆ ಅವರಿಗೆ ಕೋಪವಿಲ್ಲ. ಮೆತ್ತಗೆ ಮಾತನಾಡುವುದು ಹೆಣ್ಣಿನ ಮೈಗೆ ಹೇಗೆ ಹತ್ತುತ್ತದೆ ಎಂದು ಅವರಿಗೆ ಗೊತ್ತಿದೆ.

ಅವರು ಬಾಗಲಕೋಟೆ ಕಡೆಯ ಬನಹಟ್ಟಿಯವರು. ಮನೆಯಲ್ಲೇ ಮಗ್ಗ. ಪವರ್‌ಲೂಮಿನ ಖಟಖಟದಲ್ಲಿ ಉಪ್ಪು ಕೊಡು ಎನ್ನಬೇಕಾದರೂ ಕೂಗಿಯೇ ಹೇಳಬೇಕು. ಅವ್ವ, ಅಜ್ಜಿ, ಅತ್ತೆಯರು ಎಲ್ಲರದೂ ಗಟ್ಟಿ ಗಂಟಲು. ಮದುವೆಯಾಗಿ ಡೊಂಬಿವ್ಲಿಯ ಎರಡು ಕೋಣೆಯ ಮನೆಗೆ ಬಂದಾಗ ಅವರಿಗೆ ಮೊದಲು ಕಾಣಿಸಿದ್ದು ಅಲ್ಲಿಯ ನಿಶ್ಶಬ್ದ. "ಇದು ಬನಹಟ್ಟಿ ಅಲ್ಲ, ಸಾವಕಾಶ ಮಾತಾಡು," ಎಂದರು ಅತ್ತೆ. ಆಡಿದ್ದು ಒಂದೇ ಸಲ, ಅದೂ ಪ್ರೀತಿಯಿಂದ. ಅಷ್ಟು ಸಾಕಾಯಿತು. ಬಚ್ಚಲಲ್ಲಿ ಜಾರಿಬಿದ್ದ ದಿನ ಕೂಡ ಪಕ್ಕದ ಮನೆಗೆ ಕೇಳೀತೆಂದು ಬಾಯಿಗೆ ಸೆರಗು ತುರುಕಿಕೊಂಡೆ ಎಂದು ಅವರು ಈಗ ನಗುತ್ತಾ ಹೇಳುತ್ತಾರೆ. ಕೇಳಿದವರಿಗೆ ನಗು ಬರುವುದಿಲ್ಲ.

ಕರಾಟೆ ಸೇರಿದ್ದು ಅವರಲ್ಲ, ಮಗಳು ವೈಶಾಲಿ. ಅದು 2001. ಡೊಂಬಿವ್ಲಿಯ ಶಾಲೆಯೊಂದರ ಅಂಗಳದಲ್ಲಿ ಕ್ಲಾಸು, ತಾಯಿ ಮೆಟ್ಟಿಲ ಮೇಲೆ ಕಾಯುತ್ತಾ ಕೂರುತ್ತಿದ್ದರು. ಒಂದು ಸಂಜೆ ಅಲ್ಲಿಯ ಮಾಸ್ತರರು, "ತಾಈ, ಬಸೂನ್ ಕಶಾಲಾ? ಉಭ್ಯಾ ರಾಹಾ," ಎಂದರು. ಸುಮ್ಮನೆ ಕೂತೇನು ಮಾಡ್ತೀರಿ, ಎದ್ದು ನಿಲ್ಲಿ ಎಂದು. ವೈಶಾಲಿ ಹಳದಿ ಬೆಲ್ಟಿಗೇ ಬೇಸತ್ತು ಡಾನ್ಸ್ ಕ್ಲಾಸಿಗೆ ಹೋದಳು. ತಾಯಿ ಉಳಿದರು.

ಹಳದಿಯ ಪರೀಕ್ಷೆಯಲ್ಲೇ ಅವರನ್ನು ಮೂರು ಸಲ ಫೇಲ್ ಮಾಡಲಾಯಿತು. ಕಾರಣ ಅದೇ, ದನಿ. ಮೂವತ್ತು ದಾಟಿದ ಗೃಹಿಣಿ, ಎಂಟು ವರ್ಷದ ಹುಡುಗರ ಸಾಲಿನಲ್ಲಿ ಬಿಳಿ ಬೆಲ್ಟ್ ಕಟ್ಟಿ ನಿಂತವರು. ನಾಲ್ಕನೆಯ ಸಲ ಒಳಗಿನಿಂದ ಅದೇನು ಎದ್ದುಬಂತೋ, ಅಂಗಳದ ಪಾರಿವಾಳಗಳೆಲ್ಲ ಹಾರಿದವು. "ಮೂರು ಸಲ ಪಾಸ್ ಮಾಡಿಬಿಟ್ಟಿದ್ರ ನನ್ನ ದನಿ ಇನ್ನೂ ಒಳಗ ಇರತಿತ್ತು," ಎನ್ನುತ್ತಾರೆ. "ಫೇಲ್ ಮಾಡಿದ್ದ ಅವರು ನನಗ ಕೊಟ್ಟ ಮರ್ಯಾದಿ."

ಈ ಮಾತು ಅವರು ಸೇರಿರುವ ಕರಾಟೆ ಸಂಘದವರಿಗೆ ಹಿಡಿಸುವಂಥದ್ದಲ್ಲ. ಪರೀಕ್ಷೆಯ ಮರುದಿನವೇ ಸಂಘದ ಮುಖ್ಯಸ್ಥರ ಫೋನು. ಎಲ್ಲರೂ ಅವರನ್ನು ದೊಡ್ಡ ಸರ್ ಎನ್ನುತ್ತಾರೆ. ಮಕ್ಕಳು ಬರುವುದೇ ಬೆಲ್ಟಿಗಾಗಿ, ನೀವು ಕೊಡದಿದ್ದರೆ ಎದುರಿನ ಕ್ಲಾಸಿನವನು ಕೊಡುತ್ತಾನೆ, ನಾಲ್ವರನ್ನೂ ಪಾಸ್ ಮಾಡಿ ಎಂದು ಅವರ ಬುದ್ಧಿವಾದ. ನೀಲಗಂಗಾ ಒಪ್ಪುವುದಿಲ್ಲ. ಸರಿ, ಶನಿವಾರ ವಾಶಿಯಲ್ಲಿ ನಾವೇ ಮರುಪರೀಕ್ಷೆ ಇಡುತ್ತೇವೆ ಎಂದು ದೊಡ್ಡ ಸರ್ ಫೋನ್ ಇಡುತ್ತಾರೆ. ಶನಿವಾರ ಸಂಜೆಯೊಳಗೆ ನಾಲ್ವರ ಸೊಂಟಕ್ಕೂ ಹೊಸ ಬಣ್ಣ ಬರುತ್ತದೆ. ಮೂವರು ಮತ್ತೆ ಸಾನಪಾಡಾದ ಹಾಲ್ ಕಡೆ ತಲೆ ಹಾಕುವುದಿಲ್ಲ.

ಗಂಡ ಶಶಿಕಾಂತ್ ವಾಶಿಯ ಕಾಂದಾ-ಬಟಾಟಾ, ಅಂದರೆ ಈರುಳ್ಳಿ-ಆಲೂಗಡ್ಡೆ, ಮಾರ್ಕೆಟ್ಟಿನಲ್ಲಿ ಗುಮಾಸ್ತರು. ಹೆಂಡತಿಯ ಮುಖ ನೋಡಿ ಸಮಾಧಾನ ಹೇಳುತ್ತಾರೆ.

"ನಮ್ಮ ಮಾರ್ಕೆಟ್ಟಿನ್ಯಾಗೂ ಹಂಗ ಐತಿ ಮಾರಾಯ್ತಿ. ಚೀಲದ ಬಾಯಿಗೆ ದಪ್ಪ ಉಳ್ಳಾಗಡ್ಡಿ, ಕೆಳಗ ಗೋಲಿಯಂಥಾವು. ಎಲ್ಲಾರಿಗೂ ಗೊತ್ತೈತಿ. ವ್ಯಾಪಾರ ನಿಂತೈತೇನು?"

"ನಿಮ್ಮ ಉಳ್ಳಾಗಡ್ಡೀನ ಯಾರೂ ದಾರ್ಯಾಗ ಅಡ್ಡಗಟ್ಟೂದಿಲ್ಲ," ಎನ್ನುತ್ತಾರೆ ನೀಲಗಂಗಾ.

ಮಂಗಳವಾರದ ಕ್ಲಾಸಿಗೆ ಇಂಚರ ಬರುತ್ತಾಳೆ, ಹೊಸ ನೀಲಿ ಬೆಲ್ಟ್ ಕಟ್ಟಿಕೊಂಡು. ಮಡಿಕೆ ಕೂಡ ಮುರಿದಿಲ್ಲ. ನೇರ ಹೋಗಿ ನೀಲಿಯವರ ಸಾಲಿನಲ್ಲಿ ನಿಲ್ಲುತ್ತಾಳೆ. ನೀಲಗಂಗಾ ಹತ್ತಿರ ಬಂದು ಮೆಲ್ಲಗೆ, "ಹಸಿರು ಸಾಲಿಗೆ ಹೋಗು," ಎನ್ನುತ್ತಾರೆ.

"ಲೇಕಿನ್ ಮೈ ಪಾಸ್ ಹೋ ಗಯೀ, ಮ್ಯಾಮ್."

"ವಾಶಿಯೊಳಗ ಪಾಸ್ ಆದಿ. ಸಾನಪಾಡಾದಾಗ ಇನ್ನೂ ಆಗಿಲ್ಲ. ಬೆಲ್ಟ್ ಬಿಚ್ಚಬ್ಯಾಡ, ಅದು ನಿಂದು. ನಿಲ್ಲೂದು ಅಲ್ಲಿ."

ಹುಡುಗಿಯ ಕಿವಿ ಕೆಂಪಾಗುತ್ತದೆ. ಕಣ್ಣು ತುಂಬುತ್ತದೆ. ಅತ್ತುಬಿಡುತ್ತಾಳೆ ಎಂದು ಎಲ್ಲರೂ ನೋಡುತ್ತಿರುವಾಗಲೇ—

"ನಹೀಂ ಜಾವೂಂಗೀ!"

ಹೋಗೋದಿಲ್ಲ ಎಂಬ ಆ ದನಿ ಗಂಟಲಿನಿಂದ ಬಂದದ್ದಲ್ಲ. ಹಿಂದಿನ ಸಾಲಿನ ಗುಜರಾತಿ ಹುಡುಗಿಯೊಬ್ಬಳು ಪಕ್ಕದವಳಿಗೆ ಬೆರಗಿನಿಂದ, "ಇಸ್ನೇ ಒದರ್ ದಿಯಾ!" ಎನ್ನುತ್ತಾಳೆ. ಮೆಟ್ಟಿಲಿಳಿದು ಬಂದ ಅನಂತರಾಮ ಪೇಪರು ಹಿಡಿದುಕೊಂಡೇ ಬಾಗಿಲಲ್ಲಿ ನಿಂತು, "ಯಾರಮ್ಮ ಅದು?" ಎಂದು ಕೇಳುತ್ತಾರೆ.

"ಮೈ, ಅಂಕಲ್," ಎನ್ನುತ್ತಾಳೆ ಇಂಚರ, ದನಿ ಇಳಿಸದೆ.

ಬೇರೆ ಯಾರಾದರೂ ಆಗಿದ್ದರೆ ಆ ಕ್ಷಣದಲ್ಲೇ ಮಗುವನ್ನು ಅಪ್ಪಿಕೊಂಡು ನೀಲಿ ಸಾಲಿಗೆ ಕಳಿಸುತ್ತಿದ್ದರೇನೋ. ನೀಲಗಂಗಾ ಕಳಿಸುವುದಿಲ್ಲ. "ಅದು ಸಿಟ್ಟಿಗೆ ಬಂದದ್ದು, ಲೆಕ್ಕಕ್ಕಿಲ್ಲ. ಬೇಕಂದಾಗ ಬರಬೇಕು. ಆದ್ರ ಒಳಗ ಐತಿ ಅಂತ ಈಗ ಇಬ್ಬರಿಗೂ ಗೊತ್ತಾತು," ಎನ್ನುತ್ತಾರೆ. ಇಂಚರ ಮೂಗು ಒರೆಸಿಕೊಂಡು, ನೀಲಿ ಬೆಲ್ಟ್ ಕಟ್ಟಿಕೊಂಡೇ ಹಸಿರು ಸಾಲಿನ ತುದಿಯಲ್ಲಿ ಹೋಗಿ ನಿಲ್ಲುತ್ತಾಳೆ. ನಿಂತ ರೀತಿಯಲ್ಲಿ ಸೋಲಿನ ಗುರುತಿಲ್ಲ.

ಕರೆದೊಯ್ಯಲು ಬಂದ ಸಂಯುಕ್ತಾ ಮಗಳು ನಿಂತ ಜಾಗ ನೋಡುತ್ತಾರೆ. ಜಗಳಕ್ಕೆ ಬರುತ್ತಾರೆ ಅನ್ನಿಸುತ್ತದೆ. ಬರುವುದಿಲ್ಲ.

"ಇವಳೇನಾ ಕೂಗಿದ್ದು? ಬಿಟ್ಟು ಹೋಗ್ತಿದ್ದಾಗ ಗೇಟಿನ ತನಕ ಕೇಳಿಸ್ತು." ಮಗಳ ಚೀಲ ಎತ್ತಿಕೊಳ್ಳುತ್ತಾ ಮುಂದುವರಿಸುತ್ತಾರೆ, "ನನಗೇ ಅಷ್ಟು ಜೋರಾಗಿ ಬರಲ್ಲ."

"ಬರ್ರಿ ಹಂಗಾರ. ಬಿಳೇ ಬೆಲ್ಟಿನಿಂದ ಚಾಲೂ ಮಾಡೂಣು."

ನಾಲ್ಕು ದಿನ ಬಿಟ್ಟು ದೊಡ್ಡ ಸರ್ ಮತ್ತೆ ಫೋನ್ ಮಾಡುತ್ತಾರೆ. ಈ ಸಲ ಮಾತಿನಲ್ಲಿ ಬೆಲ್ಲ. ಆದದ್ದು ಆಯಿತು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. 2015ರ ಜನವರಿಯಲ್ಲಿ ವಾಶಿಯ ದೊಡ್ಡ ಸಭಾಂಗಣದಲ್ಲಿ ಸಂಘದ ವಾರ್ಷಿಕೋತ್ಸವ. ಅಲ್ಲಿ ನಿಮಗೆ ಕಪ್ಪು ಬೆಲ್ಟಿನ ಎರಡನೆಯ ದರ್ಜೆ, ಸೆಕೆಂಡ್ ಡಾನ್ ಕೊಡುತ್ತೇವೆ. ಇಷ್ಟು ವರ್ಷದ ಸೇವೆ, ವಯಸ್ಸೂ ಆಯಿತು, ಪರೀಕ್ಷೆ ಗಿರೀಕ್ಷೆ ಏನೂ ಬೇಡ, ವೇದಿಕೆ ಮೇಲೆ ಬಂದು ತೆಗೆದುಕೊಂಡು ಹೋಗಿ.

ಶಶಿಕಾಂತರಿಗೆ ಖುಷಿಯೋ ಖುಷಿ. "ಮುಂಬೈದಾಗ ಇದ್ದ ಡಾನ್‌ಗಳು ಸಾಲದಾಗಿದ್ರೇನು, ನಮ್ಮ ಮನ್ಯಾಗ ಸೆಕೆಂಡ್ ಡಾನ್ ಬ್ಯಾರೆ! ಫೋಟೋ ತಗೀತಾರ. ಯಾವ ಸೀರಿ ಉಡ್ತಿ?"

"ನೋಡೂಣು," ಎನ್ನುತ್ತಾರೆ ನೀಲಗಂಗಾ, ಮೆಂತ್ಯ ಸೊಪ್ಪು ಸೋಸುತ್ತಾ.

ಆದರೆ ನೋಡುವುದೇನೂ ಉಳಿದಿಲ್ಲ. ಸೊಪ್ಪಿನ ಕಡ್ಡಿ ಮುರಿಯುತ್ತಿರುವಾಗಲೇ ಅವರು ನಿಶ್ಚಯ ಮಾಡಿಯಾಗಿದೆ. ಸೀರೆಯಲ್ಲ, ಬಿಳಿಯ ಕರಾಟೆ ಬಟ್ಟೆ. ಹೆಸರು ಕರೆದಾಗ ವೇದಿಕೆ ಹತ್ತುವುದು, ಬಾಗಿ ವಂದಿಸುವುದು, ಕೊಟ್ಟದ್ದಕ್ಕೆ ಕೈ ಚಾಚದೆ ನಡುವೆ ಹೋಗಿ ನಿಲ್ಲುವುದು. ತಂದೆತಾಯಿಯರೂ ಮಕ್ಕಳೂ ತುಂಬಿದ ಸಭೆಯ ಮುಂದೆ, ಪರೀಕ್ಷೆ ತೆಗೆದುಕೊಳ್ಳಿ ಎಂದು ಕೇಳುವುದು. ಎಡಗಾಲಿನ ಮಂಡಿ ಮೊದಲಿನ ಹಾಗೆ ಬಾಗುವುದಿಲ್ಲ. ನಡುವೆ ತಪ್ಪಬಹುದು, ಬೀಳಲೂಬಹುದು. ನೋಡಿದವರು ಫೇಲ್ ಎನ್ನಬಹುದು. ಅಷ್ಟು ಪ್ರಾಮಾಣಿಕವಾಗಿ ಯಾರಾದರೂ ಅಂದರೆ, ಆ ವೇದಿಕೆಯ ಮೇಲೆ ಫೇಲ್ ಆದ ಮೊದಲನೆಯವರು ತಾವೇ ಆಗುತ್ತಾರೆ. ಅದನ್ನು ನೆನೆದರೆ ಅವರಿಗೆ ಅಂಜಿಕೆಯಾಗುವುದಿಲ್ಲ, ಒಂಥರಾ ಹಿಗ್ಗಾಗುತ್ತದೆ.

"ಯಾಕ ನಗಾಕತ್ತಿ?" ಎಂದು ಕೇಳುತ್ತಾರೆ ಶಶಿಕಾಂತ್.

"ಏನಿಲ್ಲ," ಎಂದು ನೀಲಗಂಗಾ ಇನ್ನೊಂದು ಕಟ್ಟು ಬಿಚ್ಚುತ್ತಾರೆ.