ಆಟದ ಕೋಣೆಯ ಬೀಗದ ಕೈ

ತಾನು ಓದಿದ ಶಾಲೆಯ ಡ್ರಿಲ್ ಮೇಷ್ಟ್ರನ್ನು ನೆನೆದರೆ ಅವಳ ಕಿವಿಯಲ್ಲಿ ಇಂದಿಗೂ ಸೀಟಿಗಿಂತ ಮೊದಲು ಬೀಗದ ಕೈ ಸದ್ದು ಮಾಡುತ್ತದೆ. ಆಟದ ಕೋಣೆಯ ಆ ಬೀಗದ ಕೈಯನ್ನು ಅವರು ಸೀಟಿಯ ದಾರಕ್ಕೇ ಪೋಣಿಸಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ಕೋಣೆಯೊಳಗೆ ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಹೊಸ ಚೆಂಡುಗಳಿದ್ದವು. ಮೈದಾನದಲ್ಲಿ ಮಕ್ಕಳು ಗಾಳಿ ಹೋದ ಒಂದೇ ಚೆಂಡಿಗೆ ಕಾದಾಡುತ್ತಿದ್ದರು. ಹೊಸದು ಕೇಳಿದರೆ, "ಕೊಟ್ರೆ ಉಳಿಸ್ತೀರಾ ನೀವು? ಹೋಗಿ, ಮೈದಾನಕ್ಕೆ ಒಂದು ಸುತ್ತು ಹೊಡೀರಿ" ಎನ್ನುತ್ತಿದ್ದರು. ಹಾಗೆ ಕೇಳಿ ಕೇಳಿ ಅವಳು ಹೊಡೆದ ಸುತ್ತುಗಳನ್ನು ಕೂಡಿಸಿದರೆ ಪಕ್ಕದ ಊರು ಮುಟ್ಟಿ ವಾಪಸು ಬರಬಹುದಿತ್ತು. ಕ್ರೀಡಾದಿನದಂದು ಮಾತ್ರ ಚೆಂಡುಗಳು ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಸಾಲಾಗಿ ಕೂರುತ್ತಿದ್ದವು. ಮುಖ್ಯ ಅತಿಥಿ ಒಂದನ್ನು ತಟ್ಟಿ ಭೇಷ್ ಅಂದು ಹೋದ ಕೂಡಲೇ ಮೇಷ್ಟ್ರು ಬೆರಳಿನ ಗುರುತು ಒರೆಸಿ ಒಳಗಿಡುತ್ತಿದ್ದರು. ಅವರು ನಿವೃತ್ತರಾದ ದಿನ, ಅದೇ ಶಾಲೆಗೆ ಡ್ರಿಲ್ ಟೀಚರಾಗಿ ಬಂದಿದ್ದ ಅವಳ ಕೈಗೇ ಬೀಗದ ಕೈ ಬಂತು. ಬಾಗಿಲು ತೆರೆದರೆ, ಚೆಂಡುಗಳ ರಬ್ಬರು ಬಿರಿದು, ಮುಟ್ಟಿದಲ್ಲೆಲ್ಲ ಉದುರುತ್ತಿತ್ತು. ಇಷ್ಟು ವರ್ಷ ಹಲ್ಲು ಕಚ್ಚಿ ಇಟ್ಟುಕೊಂಡಿದ್ದ ಮಾತು ಅವಳ ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಮೇಷ್ಟ್ರು ಬೀರುವಿನ ತಳದಿಂದ ಒಂದು ಡಬ್ಬ ತೆಗೆದರು. ಅದರಲ್ಲಿ ಒಂದು ಜೊತೆ ಓಟದ ಬೂಟುಗಳಿದ್ದವು. ಅಟ್ಟೆಗೆ ಒಂದು ಚೂರೂ ಮಣ್ಣು ಅಂಟಿರಲಿಲ್ಲ. "ಕಾಲೇಜಲ್ಲಿದ್ದಾಗ ಅಪ್ಪ ಕೊಡಿಸಿದ್ದಮ್ಮ. ದೊಡ್ಡ ಓಟಕ್ಕೆ ಹಾಕ್ಕೊಳ್ಳೋಣ ಅಂತ ಇಟ್ಟೆ. ಅಲ್ಲೀವರೆಗೆ ಬರಿಗಾಲಲ್ಲೇ ಓಡಿದೆ" ಎಂದರು. "ಆ ದೊಡ್ಡ ಓಟ ಯಾವಾಗ ಓಡಿದ್ರಿ, ಸರ್?" ಎಂದು ಕೇಳಿದಳು. ಮೇಷ್ಟ್ರು ಒಂದು ಬೂಟನ್ನು ಮೇಲೆತ್ತಿದರು. ಅಟ್ಟೆ ಕಿತ್ತು ಡಬ್ಬದಲ್ಲೇ ಉಳಿಯಿತು. ಬೂಟನ್ನು ಮೆಲ್ಲಗೆ ಅದರ ಮೇಲೆಯೇ ಇಟ್ಟು ಮುಚ್ಚಳ ಹಾಕಿ, "ಬಾಗಿಲು ಮುಚ್ಚಮ್ಮ, ಧೂಳು ಕೂರುತ್ತೆ" ಎಂದರು.