ಅಮಾವಾಸ್ಯೆಯ ಬಾಗಿಲು

ಬಾಬುರಾಯನಕೊಪ್ಪಲಿನಾಚೆ ಇದ್ದ ಫ್ರಿಜ್ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು. ಈಗ ಅಲ್ಲಿ ದುಡಿದವರೆಲ್ಲ ಸೇರಿ ಅದರ ಚರಿತ್ರೆ ಬರೆಸಲು ಹೊರಟಿದ್ದಾರೆ. ಕಚೇರಿಯ ಗುಮಾಸ್ತನಿಗೆ ಬರೆಯುವುದೇನು ಮಹಾ ಎಂದು ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಇದಕ್ಕಿಂತ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವುದು ಸುಲಭ. ಮೊದಲ ಫ್ರಿಜ್ಜು ಬಿಳಿ ಎಂದು ನಾಗಮಂಗಲದವರು, ಕೆಂಪು ಎಂದು ಕೆ.ಆರ್. ಪೇಟೆಯವರು. ಶಂಕುಸ್ಥಾಪನೆಯ ದಿನ ಜೋರು ಮಳೆ ಎನ್ನುತ್ತಾರೆ ಒಬ್ಬರು; ಬಿಸಿಲಿಗೆ ತಲೆ ಸುತ್ತಿ ಬಿದ್ದೆ ಎನ್ನುತ್ತಾರೆ ಇನ್ನೊಬ್ಬರು. ಯಾರನ್ನು ನಂಬಲಿ?

ಒಂದು ಸಂಗತಿ ಮಾತ್ರ ನನಗೆ ಖಚಿತವಾಗಿ ಗೊತ್ತಿತ್ತು. ಪಾಂಡವಪುರದ ಬಡಗಿಯಾದ ನಮ್ಮಪ್ಪ ಅಲ್ಲಿ ಬಾಗಿಲು ಕೂರಿಸುವ ವಿಭಾಗದಲ್ಲಿದ್ದ. ಅಲ್ಲಿದ್ದವರು ಹೆಚ್ಚಾಗಿ ಬಡಗಿಗಳು, ಕಮ್ಮಾರರು. ಅಮಾವಾಸ್ಯೆಯ ದಿನ ನಮ್ಮವರು ಹತ್ಯಾರು ಮುಟ್ಟುವುದಿಲ್ಲ. ಕಾರ್ಖಾನೆಗೆಲ್ಲಿಯ ಅಮಾವಾಸ್ಯೆ? ಹಾಗಾಗಿ ಅವತ್ತು ಇವರೆಲ್ಲ ಪ್ಯಾಕಿಂಗಿಗೆ ಹೋಗುತ್ತಿದ್ದರು, ಪ್ಯಾಕಿಂಗಿನವರು ಬಂದು ಬಾಗಿಲು ಕೂರಿಸುತ್ತಿದ್ದರು. ತಪ್ಪುಗಳಾಗುತ್ತಿದ್ದವು. ಅಂಥ ಫ್ರಿಜ್ಜುಗಳನ್ನು 'ಅಮಾಸೆ ಮಾಲು' ಎಂದು, ಯಾರನ್ನೂ ಬಯ್ಯದೆ ಪಕ್ಕಕ್ಕಿಡುತ್ತಿದ್ದರು. ಅವು ಕಾರ್ಮಿಕರ ಮನೆಗಳಿಗೇ ಹೋಗುತ್ತಿದ್ದವು.

ನಮ್ಮ ಮನೆಯದೂ ಅಂಥದ್ದೇ. ಎಲ್ಲರ ಫ್ರಿಜ್ಜಿನ ಕೀಲು ಬಲಕ್ಕಿದ್ದರೆ ನಮ್ಮದರದು ಎಡಕ್ಕೆ. ಸೋದರಮಾವ ಇಲ್ಲದ ಹಿಡಿಗೆ ಕೈ ಹಾಕಿ ಪೆಚ್ಚಾದಾಗಲೆಲ್ಲ ಅಪ್ಪ ನಗುತ್ತಿದ್ದ: "ಅಮಾಸೆ ಮಾಲು ಕಣ್ಲಾ. ಪ್ಯಾಕಿಂಗಿನೋನು ಕೂರ್ಸಿದ್ದು, ನಾನ್ ಮುಟ್ಟಿಲ್ಲ." ಅಮಾವಾಸ್ಯೆಗೆ ಒಂದು ಮೊಳೆಯನ್ನೂ ಮುಟ್ಟದವನೆಂದು ನಮ್ಮವರಲ್ಲಿ ಅವನಿಗೆ ದೊಡ್ಡ ಹೆಸರು. ಅವನು ತೀರಿಕೊಂಡ ಮೇಲೂ ಅದನ್ನೇ ಹೇಳುತ್ತಾರೆ. ಇದೊಂದನ್ನಾದರೂ ಕಣ್ಣು ಮುಚ್ಚಿ ಬರೆಯಬಹುದು ಅಂದುಕೊಂಡಿದ್ದೆ.

ಅಪ್ಪ ಹೇಳುತ್ತಿದ್ದ ಆ ಪ್ಯಾಕಿಂಗಿನವರು ಅವನ ಗೆಳೆಯರೊಬ್ಬರು, ಈಗ ಕ್ಯಾತನಹಳ್ಳಿಯಲ್ಲಿದ್ದಾರೆ. ಅವರ ಮಾತೂ ಇರಲಿ ಎಂದು ಹೋದೆ. ಕಬ್ಬಿನ ಗದ್ದೆಯ ಬದುವಿನ ಮೇಲೆ ಕೂತು ನಮ್ಮ ಬಾಗಿಲಿನ ಕತೆ ಕೇಳಿಸಿಕೊಂಡರು.

"ನಾನೆಲ್ಲಿ ಕೂರ್ಸಿದ್ನಲಾ? ನಿಮ್ಮಪ್ಪನೇ ಕೂರ್ಸಿದ್ದು. ಅಮಾಸೆ ದಿನವೇ. ನನ್ ಕೈಲಿದ್ದ ಸ್ಕ್ರೂಡ್ರೈವರ್ ಕಿತ್ಕಂಡು, ನೀನು ಅತ್ಲಾಗ್ ತಿರುಗ್ಕೊ ಅಂದ."

"ಯಾಕೆ?"

"ನಿಮ್ಮವ್ವನ ಬಲಗೈ ಸ್ವಾಧೀನ ತಪ್ಪಿತ್ತಲ್ವೇನ್ಲಾ. ಎಡಗೈಗೆ ಸಲೀಸಾಗೋ ಬಾಗ್ಲು ಬೇಕಿತ್ತು. ಬ್ಯಾರೆ ದಿನ ಅಂಗ್ ಕೂರ್ಸಿದ್ರೆ ಕೆಲ್ಸ ಓಯ್ತಿತ್ತು. ಅಮಾಸೇಲಿ ಯಾರ್ ಕೇಳ್ತಾರೆ ಬುಡು."

ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಸುಳ್ಳು ಹೇಳಿದ ಅಪ್ಪನ ಮೇಲೋ, ಇಷ್ಟು ವರ್ಷ ಆ ಬಾಗಿಲು ತೆಗೆದೂ ಏನೂ ಕಾಣದ ನನ್ನ ಮೇಲೋ. ಇದನ್ನು ಬರೆದರೆ ಅಪ್ಪ ಉಳಿಸಿಕೊಂಡು ಬಂದ ಹೆಸರು ಮಣ್ಣುಪಾಲು. ಬರೆಯದಿದ್ದರೆ ಅವ್ವನಿಗಾಗಿ ಅವನು ನೇಮ ಮುರಿದದ್ದು ಯಾರಿಗೂ ಗೊತ್ತಾಗುವುದಿಲ್ಲ. ಬಸ್ಸಿನಲ್ಲಿ ಊರು ಬಂದದ್ದೂ ತಿಳಿಯದೆ ಮುಂದಿನ ಸ್ಟಾಪಿನಲ್ಲಿ ಇಳಿದೆ.

ಮನೆಯಲ್ಲಿ ಅವ್ವ ಎಡಗೈಯಲ್ಲಿ ಫ್ರಿಜ್ಜು ತೆಗೆದು ಮಜ್ಜಿಗೆ ಕೊಟ್ಟಳು.

"ಈ ಬಾಗಿಲು ಯಾರು ಕೂರಿಸಿದ್ದು ಅಂತ ನಿಂಗೆ ಗೊತ್ತೇನವ್ವ?" ಎಂದೆ.

"ನಿಮ್ಮಪ್ಪ ಅಂತೂ ಅಲ್ಲ. ಯಾವ ಪುಣ್ಯಾತ್ಮ ತಪ್ ಮಾಡ್ಬುಟ್ನೋ, ನನ್ ಕೈಗೆ ಸರಿಯಾಯ್ತು. ದಿನಾ ತೆಗೀವಾಗ ಅಂದ್ಕೋತೀನಿ, ಅವನ ಒಟ್ಟೆ ತಣ್ಣಗಿರ್ಲಿ ಅಂತ."

ಹೇಳಲೋ ಬೇಡವೋ ಎಂದುಕೊಳ್ಳುತ್ತಲೇ ಮಜ್ಜಿಗೆ ಕುಡಿದೆ. ಅವ್ವ ಬಾಗಿಲು ಹಾಕಿದಳು.