ಸರ್ ಹೇಳಿದ್ದಾರಲ್ಲ

ಕೊಡಿಯಾಲ್‌ಬೈಲಿನಲ್ಲಿ ನಾನು ಪಾಠ ಮಾಡುವ ಕಾಲೇಜಿನ ಸ್ಟಾಫ್‌ರೂಮಿನ ಕಿಟಕಿಗೆ ಎದುರಾಗಿ ಹುಡುಗಿಯರ ಹಾಸ್ಟೆಲೊಂದುಂಟು. ಮೊನ್ನೆ ಅದರ ಬಾಲ್ಕನಿಯಲ್ಲಿ ಒಂದು ಬಿಳಿ ಕೋಟು ಒಣಗುತ್ತಿತ್ತು. ಡಾಕ್ಟರಿಕೆ ಓದುವ ಹುಡುಗಿ ಯಾರದೋ ಇರಬೇಕು. ಗಾಳಿ ಬಂದಾಗ ಅದರ ತೋಳುಗಳು ಏನೋ ವಿವರಿಸಲು ಹೊರಟಂತೆ ಮೇಲೆದ್ದು, ಬೇಡವೆನಿಸಿದಂತೆ ಮತ್ತೆ ಇಳಿಯುತ್ತಿದ್ದವು. ಕೈಯಲ್ಲಿದ್ದ ಉತ್ತರಪತ್ರಿಕೆ ಬದಿಗಿಟ್ಟು ಅದನ್ನೇ ನೋಡುತ್ತ ಕೂತೆ...

ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಕಲಿಸಿದ ಸರ್ ತಮ್ಮ ಆಯುಷ್ಯದಲ್ಲಿ ಬಿಳಿ ಕೋಟು ಹಾಕಿದ್ದು ಒಂದೇ ದಿನ. ಅದೂ ನಿವೃತ್ತರಾದ ಮೇಲೆ. ಅದೂ ಬಾಡಿಗೆಯದು.

ನಮ್ಮ ಲ್ಯಾಬಿನಲ್ಲಿ ಅವರು ಅಂಗಿಯ ತೋಳು ಮಡಚಿ ನಿಲ್ಲುತ್ತಿದ್ದರು. "ನಾನು ಹೇಳಿದೆ ಅಂತ ಬರೀಬೇಡಿ. ನಾನು ಯಾರು?" ಅನ್ನುವುದು ಅವರ ದಿನದ ಮಾತು. ಚರ್ಚಾಸ್ಪರ್ಧೆಗೆ ನಮ್ಮನ್ನು ತಯಾರು ಮಾಡುತ್ತಿದ್ದವರೂ ಅವರೇ. ಮುಖ್ಯವಾದ ಮಾತು ಬರುವ ಮೊದಲು ಕನ್ನಡಕ ತೆಗೆಯುತ್ತಿದ್ದರು; ಮಡಚಿ, ಕೈಯಲ್ಲೇ ಹಿಡಿದುಕೊಂಡು, ಸುಮ್ಮನೆ ನಮ್ಮನ್ನು ನೋಡುತ್ತಿದ್ದರು. ಗಲಾಟೆ ಮಾಡುವ ಹಿಂದಿನ ಬೆಂಚೂ ಆಗ ಉಸಿರು ಹಿಡಿಯುತ್ತಿತ್ತು. ನನಗೆ ಕನ್ನಡಕ ಇರಲಿಲ್ಲ, ಪೆನ್ನು ಕೆಳಗಿಡುವುದನ್ನು ರೂಢಿಸಿಕೊಂಡೆ. ಎಷ್ಟೋ ಟ್ರೋಫಿ ಬಂದದ್ದು ನನ್ನ ವಾದದಿಂದಲ್ಲ, ಆ ಪೆನ್ನಿನಿಂದ.

ಹೊರಗಿನ ಊರಿನ ಸ್ಪರ್ಧೆಗಳಿಗೆ ಹೋಗುವುದು ಬೇಡವೆಂದು ಗಲ್ಫಿನಲ್ಲಿದ್ದ ನನ್ನ ತಂದೆ, ಉಪ್ಪ, ಫೋನಿನಲ್ಲೇ ಹೇಳಿದ್ದರು. ಆಗ ಸರ್ ಬಿಕರ್ನಕಟ್ಟೆಯ ನಮ್ಮ ಮನೆಗೆ ಬಂದು, ಉಮ್ಮನ ಫೋನಿನಲ್ಲಿ ಉಪ್ಪನ ಹತ್ತಿರ ಮಾತಾಡಿ ಒಪ್ಪಿಸಿದರು. ಅಂದಿನಿಂದ ನಮ್ಮ ಮನೆಯಲ್ಲಿ ಯಾವ ಜಗಳಕ್ಕಾದರೂ ಒಂದು ಕೊನೆ ಇತ್ತು: "ಸರ್ ಹೇಳಿದ್ದಾರಲ್ಲ." ಉಮ್ಮ ಹಾಗೆಂದರೆ ಮುಗಿಯಿತು.

ಅವರು ನಿವೃತ್ತರಾದ ಮೇಲೆ ಒಂದು ದಿನ ಜಾಹೀರಾತೊಂದು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬಂತು. ಸರ್ ನಿಂತಿದ್ದಾರೆ, ಮೈಮೇಲೆ ಬಿಳಿ ಕೋಟು, ಹಿಂದೆ ಗಾಜಿನ ಬುರುಡೆಗಳಲ್ಲಿ ನೀಲಿ, ಹಸಿರು ನೀರು. ಅಂಥ ಚಂದದ ನೀರು ನಮ್ಮ ಲ್ಯಾಬಿನಲ್ಲಿ ಎಂದೂ ಇರಲಿಲ್ಲ. "ನಾನು ವಿಜ್ಞಾನದ ಮೇಷ್ಟ್ರು. ಯಾವುದನ್ನೂ ಸುಲಭಕ್ಕೆ ನಂಬುವವನಲ್ಲ," ಅಂದರು. ಕನ್ನಡಕ ತೆಗೆದರು. ಕಾದರು. "ನನ್ನ ಸಕ್ಕರೆ ಕಾಯಿಲೆ ಇಳಿದದ್ದು ನೋಡಿ, ಇದನ್ನು ನಂಬಿದೆ." ಕೈಯಲ್ಲಿ ಪುಡಿಯ ಡಬ್ಬಿ.

ನಮ್ಮದೇ ಮನೆಯ ಹಿರಿಯರ ಮುಂಡು ಪೇಟೆಯ ನಡುವೆ ಕಳಚಿಬಿದ್ದ ಹಾಗಾಯಿತು. ಫೋನನ್ನು ಮಗುಚಿ ಇಟ್ಟೆ.

ಅದನ್ನು ಮಾಡಿದ ಜಾಹೀರಾತು ಕಂಪೆನಿಯಲ್ಲಿ ನನ್ನ ಸಹಪಾಠಿಯೊಬ್ಬ ಇದ್ದ. ಅವನೂ ಸರ್ ಶಿಷ್ಯನೇ, ಚರ್ಚಾತಂಡದಲ್ಲಿ ನನ್ನ ಜೊತೆಗಾರ. ಬೈಯಲೆಂದೇ ಅವನನ್ನು ಚಾಕ್ಕೆ ಕರೆದೆ. ಅವನಿಗೋ ಹೆಮ್ಮೆ. ಎರಡು ರೀತಿ ಚಿತ್ರೀಕರಿಸಿದ್ದರಂತೆ: ಒಂದರಲ್ಲಿ ಅಂಕಿ, ನಕ್ಷೆ, ಇನ್ನೊಂದರಲ್ಲಿ ಸರ್ ಮಾತ್ರ. ಎರಡನ್ನೂ ಜನರ ಫೋನಿಗೆ ಬಿಟ್ಟು, ಎಲ್ಲಿ ಬೆರಳು ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂದು ನೋಡಿದ್ದರಂತೆ.

"ಅಂಕಿ ಬಂದಲ್ಲಿ ಜನ ಓಡ್ತಾರೆ. ಸರ್ ಕನ್ನಡಕ ತೆಗೆದಲ್ಲಿ ನಿಲ್ತಾರೆ. ಆ ಮೌನ ನಾವು ಬರೆದದ್ದಲ್ಲ ಮಾರಾಯ್ತಿ, ಅವರೇ ಮಾಡಿದ್ದು. ನಾವು ಅಳತೆ ತೆಗೆದದ್ದು ಮಾತ್ರ."

ಬೈಯುವ ಬದಲು ಚಾದ ದುಡ್ಡು ಕೊಟ್ಟು ಎದ್ದೆ. ಕಲೆ ಸರ್‌ದು, ವಿಜ್ಞಾನ ಇವರದು, ಸರಿ. ಆದರೆ ವಿಜ್ಞಾನ ಇದ್ದದ್ದೆಲ್ಲಿ? ಪುಡಿಯಲ್ಲಿ ಅಲ್ಲ. ನಮ್ಮ ಬೆರಳನ್ನು ಅಳೆಯುವುದರಲ್ಲಿ. ಪ್ರಯೋಗ ನಡೆದದ್ದು ನಮ್ಮ ಮೇಲೆ.

ದೇರೆಬೈಲಿನ ಅವರ ಮನೆಗೆ ಹೋದೆ. ಸರ್ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು.

"ಎಂತ ಸರ್ ಇದು?"

ಯಾವುದು ಎಂದು ಅವರು ಕೇಳಲಿಲ್ಲ. "ಪಾತ್ರ ಅಂತ ಒಪ್ಪಿಕೊಂಡೆ. ಸಣ್ಣಂದಿನಿಂದ ನಾಟಕದ ಹುಚ್ಚು, ನಿನಗೆ ಗೊತ್ತುಂಟಲ್ಲ. ರಾಜನ ವೇಷ ಹಾಕಿದವನ ಹತ್ತಿರ ಯಾರಾದರೂ ಬಂದು ಕಂದಾಯ ಕಟ್ತಾರಾ?"

"ನೀವು ರಾಜನ ವೇಷ ಹಾಕಿದ್ದಲ್ಲ ಸರ್. ನಿಮ್ಮದೇ ವೇಷ ಹಾಕಿದ್ದು."

ಸ್ಪರ್ಧೆಯಲ್ಲಾದರೆ ಚಪ್ಪಾಳೆ ಬೀಳುವ ಮಾತು. ಸರ್ ಪೇಪರ್ ಮಡಚಿದರು, ಮತ್ತೆ ಬಿಡಿಸಿದರು. ಗೆದ್ದ ಖುಷಿಯಲ್ಲೇ ನಾನು ಸ್ಕೂಟರ್ ಹತ್ತಿ ಬಂದೆ.

ಉಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟದ್ದು ಗೊತ್ತಾದದ್ದು ಆಮೇಲೆ. ಪಾದದ ಬದಿಯ ಸಣ್ಣ ಗಾಯ ಒಣಗುತ್ತಲೇ ಇರಲಿಲ್ಲ. ಅಡುಗೆಮನೆಯಲ್ಲಿ ಹುಡುಕಿದರೆ ಮಾತ್ರೆಯ ಹಾಳೆಗಳು ಒಡೆಯದೆ ಬಿದ್ದಿದ್ದವು, ಪಕ್ಕದಲ್ಲಿ ಆ ಪುಡಿ. ಕಾಲಿಗೆ ಏನಾಗಬಹುದೆಂದು ಹೇಳಿದೆ, ಹೆದರಿಸಿದೆ, ಡಾಕ್ಟರ ಚೀಟಿ ಓದಿದೆ.

"ನಿನಗೆ ಗೆಲ್ಲಬೇಕು, ಅಷ್ಟೇ," ಅಂದರು ಉಮ್ಮ. "ಸರ್‌ಗೆ ನನ್ನಿಂದ ಎಂತ ಆಗ್ಬೇಕುಂಟು? ಅವರು ಸುಳ್ಳು ಹೇಳ್ತಾರಾ?"

ಸರ್‌ಗೆ ಫೋನ್ ಮಾಡಿದೆ. ತಕ್ಷಣ ಆಟೋ ಹಿಡಿದು ಬಂದರು. ಉಮ್ಮ ಸಂಭ್ರಮದಿಂದ ಚಾ ತಂದರು, ಸಕ್ಕರೆ ಹಾಕದೆ.

"ಸಕ್ಕರೆ ಹಾಕಿ ಕೊಡಿ ಅಮ್ಮ, ನನಗೆ ಕಾಯಿಲೆಯೇ ಇಲ್ಲ. ಆ ಪುಡಿ ನಾನು ನಾಲಗೆಗೂ ಮುಟ್ಟಿಸಿದವನಲ್ಲ."

ಉಮ್ಮ ನಕ್ಕುಬಿಟ್ಟರು. "ಈಗ ಕಾಯಿಲೆ ಇಲ್ಲ ಅಂತ ಹೇಳಿ ಸರ್! ಪುಡಿ ತಿಂದ ಮೇಲೆ ಹೇಗೆ ಇರ್ತದೆ?" ಸರ್ ಒಂದೊಂದಾಗಿ ಬಿಡಿಸಿ ಹೇಳಿದರು: ಕೋಟು ತನ್ನದಲ್ಲ, ಮಾತು ಯಾರೋ ಬರೆದದ್ದು, ಪುರಾವೆ ಏನೂ ಇಲ್ಲ. ಉಮ್ಮ ನನ್ನ ಕಡೆ ತಿರುಗಿ, "ನೋಡು, ನಿನ್ನ ಬಾಯಿಗೆ ಹೆದರಿ ಪಾಪ ಸರ್ ಹೀಗೆ ಹೇಳ್ತಾ ಇದ್ದಾರೆ," ಅಂದರು. ಫೋನಿನೊಳಗಿನ ಸರ್ ಮುಂದೆ ಸೋಫಾದ ಮೇಲಿನ ಸರ್ ಸೋತಿದ್ದರು.

ಅವರು ಸಪ್ಪೆ ಚಾ ಕುಡಿದರು. ಉಮ್ಮನ ಪಾದವನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಮಡಚಿದರು. ಏನು ಬರುತ್ತದೆಂದು ನನಗೆ ಗೊತ್ತಾಗಿ, ಬೇಡ ಸರ್ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ.

"ಒಂದು ಸಂಗತಿ ಅದರಲ್ಲಿ ಹೇಳಲಿಕ್ಕೆ ಬಿಟ್ಟುಹೋಯ್ತು ಅಮ್ಮ. ಹೊಟ್ಟೆಯಲ್ಲಿ ಮಾತ್ರೆ ಇದ್ದರೆ ಮಾತ್ರ ಈ ಪುಡಿ ಕೆಲಸ ಮಾಡುವುದು. ಮಾತ್ರೆ ಬಿಟ್ಟರೆ ಇದು ಬರೀ ಮಣ್ಣು."

"ಅಲ್ಲಾ! ಅದನ್ನು ಮೊದಲೇ ಹೇಳ್ಬಾರದಾ ಸರ್?" ಉಮ್ಮ ಎದ್ದೇಬಿಟ್ಟರು. ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದರು, "ಹೌದಾ?"

"ಹೌದು ಉಮ್ಮ. ಪ್ರಯೋಗದಲ್ಲಿ ಗೊತ್ತಾಗಿದೆ," ಅಂದೆ. ಪ್ರಯೋಗವನ್ನು ಸೇರಿಸಿದ್ದು ನಾನು. ಸರ್ ಕೂಡ ಅಷ್ಟು ದೂರ ಹೋಗಿರಲಿಲ್ಲ.

ಗೇಟಿನವರೆಗೆ ಜೊತೆಗೆ ಹೋದೆ. ಅವರು ನನ್ನ ಮುಖ ನೋಡಲಿಲ್ಲ. "ನಿಜ ಹೇಳಿದಾಗ ನಗಾಡಿದರು, ಅಲ್ವಾ..." ಅಂದರು. ಗೇಟಿನ ಚಿಲಕ ತೆಗೆದು, "ಇನ್ನು ನನ್ನನ್ನು ಯಾರ ಮನೆಗೂ ಕರೀಬೇಡ," ಅಂದರು. ಅಂದು ಅವರಿಗೆ ಹೇಳಬೇಕಾದ ಮಾತೊಂದು ನನ್ನಲ್ಲಿತ್ತು. ಜಗಲಿಯಲ್ಲಿ ಗೆದ್ದ ಆ ವಾದವನ್ನು ಹಿಂದೆ ತೆಗೆದುಕೊಳ್ಳಬೇಕಿತ್ತು. ಆಟೋ ಬಂತು, ಹೋದರು.

ಜಾಹೀರಾತು ನಿಲ್ಲಿಸಿ ಎಂದು ಅವರು ಕಂಪೆನಿಗೆ ಹೋಗಿ ಬೇಡಿಕೊಂಡರೆಂದು ಸಹಪಾಠಿಯೇ ಹೇಳಿದ. ಒಪ್ಪಂದ ಹಾಗೆ ಬಿಡುವುದಿಲ್ಲವಂತೆ. ಮರುವರ್ಷ ಸರ್ ತೀರಿಕೊಂಡರು. ಅವರ ಮನೆಯ ಅಂಗಳದಲ್ಲಿ ಜನರ ಹಿಂದೆ ನಿಂತಿದ್ದೆ. ದಾರಿಹೋಕರೊಬ್ಬರು ಇಣುಕಿ ಯಾರೆಂದು ಕೇಳಿದಾಗ, ಪಕ್ಕದಲ್ಲಿದ್ದವರು, "ಪುಡಿಯ ವಿಡಿಯೋದಲ್ಲಿ ಬರ್ತಾರಲ್ಲ, ಅವರು," ಅಂದರು. ಅಲ್ಲ, ಅವರು ನಮ್ಮ ಮೇಷ್ಟ್ರು ಎಂದು ಹೇಳಲು ಬಾಯಿ ಬರಲಿಲ್ಲ. ವೇದಿಕೆಯಲ್ಲಿ ಎಂದೂ ತಡವರಿಸದ ಬಾಯಿ...

ಉಮ್ಮನ ಗಾಯ ಮಾಗಿತು. ಈಗಲೂ ಮಾತ್ರೆ ತಪ್ಪಿಸುವುದಿಲ್ಲ, ಆದರೆ ಪುಡಿ ಮುಗಿದ ದಿನ ಮಾತ್ರೆಯನ್ನೂ ಮುಟ್ಟುವುದಿಲ್ಲ. "ಒಂದಿಲ್ಲದೆ ಇನ್ನೊಂದು ಎಂತಕ್ಕೆ? ಸರ್ ಹೇಳಿದ್ದಾರಲ್ಲ." ಹಾಗಾಗಿ ಪುಡಿ ತರುವವಳು ನಾನೇ. ಮೆಡಿಕಲ್ಲಿನಲ್ಲಿ ಅದರ ಹೆಸರನ್ನು ಮೆಲ್ಲಗೆ ಹೇಳುತ್ತೇನೆ.

ನಿನ್ನೆ ಅಲ್ಲಿ ಪಕ್ಕದಲ್ಲಿದ್ದ ಹೆಂಗಸೊಬ್ಬಳು ನನ್ನ ಕೈಯ ಡಬ್ಬಿ ನೋಡಿದಳು. "ನೀವು ಕಾಲೇಜಿನ ಟೀಚರ್ ಅಲ್ವಾ? ಇದು ಆಗ್ತದಾ? ನಮ್ಮ ಯಜಮಾನ್ರಿಗೆ ಸಕ್ಕರೆ ಉಂಟು."

ಇದರಲ್ಲಿ ಏನೂ ಇಲ್ಲ ಅನ್ನಬೇಕಿತ್ತು. ಹಾಗಾದರೆ ನೀವ್ಯಾಕೆ ಕೊಳ್ತೀರಿ ಎಂದು ಅವಳು ಕೇಳಿದರೆ? ಅದಕ್ಕಿರುವುದು ಉದ್ದದ ಉತ್ತರ, ಅದರಲ್ಲಿ ಸರ್ ಬರುತ್ತಾರೆ. ಡಬ್ಬಿಯನ್ನು ಆ ಪೆನ್ನಿನ ಹಾಗೆ ಕೆಳಗಿಟ್ಟೆ.

"ಮಾತ್ರೆ ಮಾತ್ರ ಬಿಡಬಾರದು," ಅಂದೆ. "ಮಾತ್ರೆಯ ಜೊತೆಗಾದರೆ..."

ಅವಳ ಮುಖ ಅರಳಿತು. ಅಂಗಡಿಯವರತ್ತ ತಿರುಗಿ, "ನನಗೂ ಒಂದು ಕೊಡಿ, ದೊಡ್ಡ ಡಬ್ಬಿಯೇ ಇರಲಿ," ಅಂದಳು.

ಇದನ್ನು ಹೋಗಿ ಹೇಳಿಕೊಳ್ಳಲು ದೇರೆಬೈಲಿನ ಆ ಜಗಲಿಯಲ್ಲಿ ಈಗ ಯಾರೂ ಇಲ್ಲ.